ಯಾರು ಇಷ್ಟ, ತೋರಿಸು

ನನ್ನ ತಂಗಿಯನ್ನು ನನಗೆ ಕೊಡುತ್ತಾರೋ ಅಮ್ಮನಿಗೆ ಕೊಡುತ್ತಾರೋ ಎಂದು ತೀರ್ಮಾನವಾಗಬೇಕಿದ್ದ ದಿನ ಮೇಸ್ತ್ರಿ ಅಂಗಡಿಗೆ ಬೀಗ ಹಾಕಿ ನನ್ನ ಜೊತೆ ಬಂದರು. ಹದಿನೆಂಟು ವರ್ಷದಲ್ಲಿ ವಾರದ ನಡುವೆ ಆ ಬಾಗಿಲು ಮುಚ್ಚಿದ್ದು ಅದು ಎರಡನೇ ಸಲವಂತೆ. ಮೊದಲ ಸಲ ಅವರ ಮದುವೆಗೆ.

"ಅದಕ್ಕೂ ಅರ್ಧ ದಿನಾನೇ ಮುಚ್ಚಿದ್ದು. ನಿನಗೆ ಪೂರ್ತಿ ದಿನ ಕೊಟ್ಟಿದೀನಿ. ನನ್ನ ಹೆಂಡ್ತಿ ಕಿವಿಗೆ ಬೀಳದ ಹಾಗೆ ನೋಡ್ಕೊ" ಎಂದರು.

ನಾನು ನಗಲಿಲ್ಲ.

"ನಗು ಬರ್ದಿದ್ರೆ ಬೇಡಪ್ಪ. ಆದ್ರೆ ಆ ಮುಖಾನ ಸ್ವಲ್ಪ ಸಡಿಲ ಮಾಡು. ಸುಟ್ಟ ಮೋಟರ್ ಬಿಚ್ಚಿಟ್ಟ ಹಾಗಿದೆ. ಕೋಪಾನ ಜೇಬಲ್ಲಿಟ್ಕೊಂಡು ಒಳಗೆ ಬಾ, ಹೊರಗೆ ಬಂದ್ಮೇಲೆ ನನ್ನ ಮೇಲೆ ತೀರಿಸ್ಕೊ."

ನಮ್ಮದು ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ. ಕರಕಲಾದ ತಾಮ್ರವನ್ನು ಕಿತ್ತು, ಸಂದುಗಳನ್ನು ಕೆರೆದು, ಕಾಗದ ಹಾಸಿ, ಒಂದೊಂದೇ ಸುತ್ತು ಎಣಿಸಿ ಕೂರಿಸಬೇಕು. ಲೆಕ್ಕ ತಪ್ಪಿದರೆ ಮೋಟರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ನನಗೆ ಬರುವ ವಿದ್ಯೆ ಇಷ್ಟೇ. ಶಾಲೆಗೂ ಹಾಕಿದ್ದರು, ಹದಿನೇಳನೇ ವಯಸ್ಸಿಗೆ, ಏಳನೇ ತರಗತಿಗೆ. ನಾಲ್ಕು ತಿಂಗಳು ಹೋದೆ. ಒಂದು ದಿನ ಮೇಷ್ಟ್ರು ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ, "ಆ ಗೋಡೆ ಒಳಗೆ ಏನೇನು ನಡೀತಿತ್ತು ಹೇಳಪ್ಪ, ಎಲ್ಲರೂ ಕೇಳಲಿ" ಎಂದರು. ಹುಡುಗರು ಮುಂದಕ್ಕೆ ಬಾಗಿ ಕೂತರು, ಸಿನಿಮಾ ಶುರುವಾಗುತ್ತದೆ ಎನ್ನುವ ಹಾಗೆ. ನಾನು ಮೇಜು ಉರುಳಿಸಿ ಹೊರಗೆ ಬಂದೆ. ಮತ್ತೆ ಹೋಗಲಿಲ್ಲ.

ಊರಿನವರು ನಮ್ಮನ್ನು 'ಗೋಡೆಯವರು' ಎನ್ನುತ್ತಿದ್ದರು. ಊರಾಚೆ, ಎರಡಾಳು ಎತ್ತರದ ಗೋಡೆಯ ಒಳಗೆ ನಲವತ್ತು ಜನ ದೊಡ್ಡವರು, ಮೂವತ್ತೊಂದು ಮಕ್ಕಳು. ಯಜಮಾನ ಒಬ್ಬನೇ. ಅವನನ್ನು ನಾವು 'ಹಿರಿಯರು' ಎನ್ನಬೇಕಿತ್ತು. ನಾನು ಹುಟ್ಟಿದ್ದು ಅಲ್ಲಿ. ತಂಗಿ ಹುಟ್ಟಿದ್ದೂ ಅಲ್ಲೇ, ನನಗೆ ಹನ್ನೊಂದು ವರ್ಷವಾಗಿದ್ದಾಗ. ಒಳಗೆ ಅಣ್ಣ ಎನ್ನುವ ಹಾಗಿಲ್ಲ, ತಂಗಿ ಎನ್ನುವ ಹಾಗಿಲ್ಲ, ಅಮ್ಮ ಎಂದರಂತೂ ಮುಗಿದೇ ಹೋಯಿತು. ಅಂಗೈಯಷ್ಟೇ ಇದ್ದಳು ಎಂದು ಮನಸ್ಸಿನಲ್ಲೇ ಅವಳನ್ನು ಸಾಸಿವೆ ಎಂದು ಕರೆದುಕೊಂಡೆ. ಈಗಲೂ ಅದೇ ಬಾಯಿಗೆ ಬರುತ್ತದೆ.

ಹಿರಿಯರ ಪಾಠ ಒಂದೇ: ಮನುಷ್ಯ ಕೆಡುವುದು ಪ್ರೀತಿಯಿಂದ, ಪ್ರೀತಿ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿ ಒಣಗಿಸಬೇಕು. ಯಾರು ತಪ್ಪು ಮಾಡಿದರೂ ಅವರನ್ನು ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ವಾರಕ್ಕೊಮ್ಮೆ ಎಲ್ಲರನ್ನೂ ಕೂರಿಸಿ, ತಪ್ಪು ಮಾಡಿದವರನ್ನು ಎಬ್ಬಿಸಿ, ಬಹಳ ಮೆತ್ತಗೆ ಕೇಳುತ್ತಿದ್ದರು: "ಯಾರು ಇಷ್ಟ? ತೋರಿಸು."

ನನ್ನ ಮೊದಲ ಸಲ ನನಗೆ ಏಳು ವರ್ಷ. ಬಟ್ಟಲು ಒಡೆದಿದ್ದೆ. ಕೇಳಿದರು. ಪಕ್ಕದಲ್ಲಿ ಮಲಗುತ್ತಿದ್ದ ಹುಡುಗನನ್ನು ಖುಷಿಯಿಂದಲೇ ತೋರಿಸಿದೆ, ಅವನಿಗೇನೋ ಬಹುಮಾನ ಕೊಡುತ್ತಾರೆ ಅಂದುಕೊಂಡು. ಅವನನ್ನು ಒಣಕೋಣೆಗೆ ಹಾಕಿದರು. ಕಿಟಕಿಯಿಲ್ಲದ, ನೀರಿಲ್ಲದ ಕೋಣೆ. ಎರಡು ದಿನ. ಹೊರಗೆ ಬಂದಾಗ ಅವನ ನಾಲಿಗೆ ಹೊರಳುತ್ತಿರಲಿಲ್ಲ. ಆಮೇಲೆ ಅವನು ನನ್ನ ಪಕ್ಕ ಮಲಗಲಿಲ್ಲ.

ಆಮೇಲೆ ಎಲ್ಲ ಮಕ್ಕಳೂ ಕಲಿಯುವುದನ್ನೇ ನಾನೂ ಕಲಿತೆ. ಇಷ್ಟವಾದವರನ್ನು ತೋರಿಸಬಾರದು, ಇಷ್ಟವಿಲ್ಲದವರನ್ನು ತೋರಿಸಬೇಕು. ಆದರೆ ಬೆರಳು ಸುಳ್ಳು ಹೇಳಿದರೆ ಸಾಲದು. ಹಿರಿಯರು ವಾರವಿಡೀ ನಮ್ಮ ಕಣ್ಣು ಕಾಯುತ್ತಿದ್ದರು. ಯಾರನ್ನು ತೋರಿಸುತ್ತೀಯೋ ಅವರನ್ನೇ ವಾರವಿಡೀ ನೋಡಬೇಕು, ಅವರ ಜೊತೆಗೇ ನಗಬೇಕು, ಅವರ ಕೈಯನ್ನೇ ಹಿಡಿಯಬೇಕು. ನಿಜವಾಗಿ ಬೇಕಾದವರ ಕಡೆ ತಲೆ ಎತ್ತಬಾರದು. ನಮ್ಮಲ್ಲಿ ಒಬ್ಬ ಹುಡುಗನಿದ್ದ, ಯಾರಿಗೂ ಬೇಡದವನು, ಮೂಗು ಸದಾ ಸೋರುತ್ತಿತ್ತು. ಎಲ್ಲರೂ ಅವನ ಹೆಗಲ ಮೇಲೆ ಕೈ ಹಾಕುತ್ತಿದ್ದೆವು. ಎಲ್ಲರೂ ಅವನನ್ನೇ ತೋರಿಸುತ್ತಿದ್ದೆವು. ಪಾಪ, ತಾನು ಎಲ್ಲರ ಮುದ್ದು ಅಂದುಕೊಂಡಿದ್ದ. ಒಂಬತ್ತನೇ ವಯಸ್ಸಿಗೆ ಸತ್ತ. ಜ್ವರ ಎಂದರು.

ದೊಡ್ಡವರ ಸಭೆ ಬೇರೆ. ಅಲ್ಲಿ ಯಾರು ಯಾರನ್ನು ತೋರಿಸಿದರು ಎಂದು ನಮಗೆ ಗೊತ್ತಾಗುತ್ತಿರಲಿಲ್ಲ. ಸುಮ್ಮನೆ ಬಂದು ಒಂದು ಮಗುವಿನ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದರು. ಸಾಸಿವೆಯನ್ನು ಮೂರನೇ ವಯಸ್ಸಿನಿಂದಲೇ ಹಾಗೆ ಕರೆದುಕೊಂಡು ಹೋದರು. ನನ್ನನ್ನು ಹದಿನೇಳು ವರ್ಷದಲ್ಲಿ ಒಮ್ಮೆಯೂ ಇಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಲವತ್ತು ಜನರಲ್ಲಿ ನನ್ನನ್ನು ತೋರಿಸುವವರು ಒಬ್ಬರೂ ಇಲ್ಲವಲ್ಲ ಎಂದು.

ಸಾಸಿವೆಗೆ ನಾಲ್ಕು ವರ್ಷವಾದಾಗ ಬಾವಿಕಟ್ಟೆಯ ಹಿಂದೆ ಕೂರಿಸಿಕೊಂಡು ನಾನೇ ಹೇಳಿಕೊಟ್ಟೆ. "ನನ್ನ ಕಡೆ ನೋಡಬೇಡ. ಯಾರು ಕೇಳಿದ್ರೂ ನನ್ನ ತೋರಿಸಬೇಡ. ಬೇರೆಯವರನ್ನ ತೋರಿಸು." ಅವಳು ಬಹಳ ಜಾಣೆ. ಒಂದೇ ಸಲಕ್ಕೆ ಕಲಿತಳು.

ಹದಿನೇಳಕ್ಕೆ ನಾನು ಗೋಡೆ ಹಾರಿದೆ. ಒಬ್ಬನೇ. ಆರು ವರ್ಷದ ಮಗುವನ್ನು ಹೊತ್ತು ಆ ಗೋಡೆ ಹತ್ತಲು ಆಗುತ್ತಿರಲಿಲ್ಲ. ಇದು ನಿಜ, ಆದರೂ ನನಗೆ ಸಮಾಧಾನವಿಲ್ಲ. ಐದು ವರ್ಷ ಪೊಲೀಸ್ ಠಾಣೆಯ ಮೆಟ್ಟಿಲು ಸವೆಸಿದೆ. "ಯಾರಾದ್ರೂ ಹೊಡೆದ್ರಾ? ಇಲ್ವಲ್ಲ. ಮತ್ತೇನು?" ಎನ್ನುತ್ತಿದ್ದರು. ಕೊನೆಗೆ ಒಂದು ಮಗು ಒಣಕೋಣೆಯಿಂದ ಜೀವಂತ ಹೊರಗೆ ಬರಲಿಲ್ಲ. ಆಗ ಬಾಗಿಲು ಒಡೆದರು. ಹಿರಿಯರನ್ನು ಜೈಲಿಗೆ ಹಾಕಿದರು, ಮಕ್ಕಳನ್ನು ಮಕ್ಕಳ ಮನೆಗೆ ತಂದರು. ಹೆಂಗಸರನ್ನು, ಅವರೂ ಮೋಸಹೋದವರೇ ಎಂದು ಬಿಟ್ಟುಬಿಟ್ಟರು.

ಅದಾಗಿ ಮೂರು ತಿಂಗಳು. ಈಗ ಅಮ್ಮ ಬಾಡಿಗೆ ಮನೆಯ ಕಾಗದ ತೋರಿಸಿ ಮಗಳನ್ನು ಕೇಳುತ್ತಿದ್ದಳು. ನಾನು ಮೇಸ್ತ್ರಿ ಮನೆಯ ಮಹಡಿಯ ಕೋಣೆ ತೋರಿಸಿ ಕೇಳುತ್ತಿದ್ದೆ. ನಾನು ಮೂರು ಸಲ ಮಕ್ಕಳ ಮನೆಗೆ ಹೋಗಿದ್ದೆ. ಮೂರು ಸಲವೂ ಸಾಸಿವೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದಳು. 'ಮಗು ಅಣ್ಣನನ್ನು ಗುರುತಿಸುತ್ತಿಲ್ಲ' ಎಂದು ಅಲ್ಲಿಯವರು ಬರೆದರು. ಅಮ್ಮ ಬಂದಾಗ ತೊಡೆಯ ಮೇಲೆ ಕೂರುತ್ತಿದ್ದಳು. ಅದನ್ನೂ ಬರೆದರು.

ನಾನು ಬಾಯಿಬಿಟ್ಟು ಹೇಳಬಹುದಿತ್ತು. ಒಣಕೋಣೆಯ ವಿಷಯ ಪೊಲೀಸರಿಗೆ ಹೇಳಿದ್ದೆ. ಬೆರಳಿನ ವಿಷಯ ಯಾರಿಗೂ, ಮೇಸ್ತ್ರಿಗೂ ಹೇಳಿರಲಿಲ್ಲ. ಹೇಳಿದರೆ, ನೀನು ಯಾರನ್ನು ತೋರಿಸುತ್ತಿದ್ದೆ ಎಂದು ಕೇಳುತ್ತಾರೆ.

ಮಕ್ಕಳ ಕಚೇರಿಯ ಪಡಸಾಲೆಯಲ್ಲಿ ಅಮ್ಮ ಮೊದಲೇ ಬಂದು ಕೂತಿದ್ದಳು. ಗೋಡೆಯೊಳಗಿನ ಅದೇ ಬೂದು ಬಟ್ಟೆ, ಬಿಗಿದು ಕಟ್ಟಿದ ತಲೆಗೂದಲು. ಗೇಟಿನ ಹೊರಗೆ ಒಂದು ವ್ಯಾನು, ಅದರಲ್ಲಿ ಬೂದು ಬಟ್ಟೆಯ ಇನ್ನಿಬ್ಬರು ಹೆಂಗಸರು.

"ಬಾಡಿಗೆ ಮನೆ ಅಂದ್ರಲ್ಲ, ನಿಜವಾಗ್ಲೂ ಅಲ್ಲೇ ಇರ್ತೀರಾ?" ಎಂದು ಕೇಳಿದೆ.

ಅವಳು ಎದುರಿನ ನೋಟಿಸ್ ಬೋರ್ಡ್ ನೋಡುತ್ತ ಹೇಳಿದಳು. "ಹಿರಿಯರು ಹೊರಗೆ ಬರೋ ತನಕ. ಆಮೇಲೆ ಎಲ್ರೂ ಒಟ್ಟಿಗೆ. ಹೊಸ ಜಾಗ ನೋಡಿದಾರೆ."

"ಅಲ್ಲೂ ಒಣಕೋಣೆ ಕಟ್ತಾರಾ?"

ಹುಟ್ಟಿದಾಗಿನಿಂದ ಅವಳು ನನ್ನ ಮುಖ ನೋಡಿದ್ದು ನನಗೆ ನೆನಪಿಲ್ಲ. ಅವತ್ತೂ ನೋಡಲಿಲ್ಲ. ಮೇಸ್ತ್ರಿ ನನ್ನ ತೋಳು ಹಿಡಿದು ಎಳೆದರು. "ಜೇಬು, ಜೇಬು" ಎಂದು ಕಿವಿಯಲ್ಲಿ ಹೇಳಿದರು.

ತೀರ್ಮಾನ ಹೇಳಬೇಕಿದ್ದ ಮೇಡಂ ಕೋಣೆಯಲ್ಲಿ ಒಂದು ಮೇಜು, ಕಬ್ಬಿಣದ ಬೀರು, ಮೂಲೆಯಲ್ಲಿ ಚಾಪೆಯ ಮೇಲೆ ಆಟದ ಸಾಮಾನು. ಮೇಡಂ ಒಳ್ಳೆಯವರೇ. ಕನ್ನಡಕ ಹಣೆಗೇರಿಸಿ ಕಣ್ಣುಜ್ಜಿಕೊಂಡರು, ನಮಗೆಲ್ಲ ಟೀ ಹೇಳಿದರು, ಮೇಸ್ತ್ರಿಯನ್ನು "ನೀವು ಯಾರು?" ಎಂದು ಕೇಳಿದರು.

"ಇವನ ಮೇಸ್ತ್ರಿ, ಮೇಡಂ. ಇವನಿಗೆ ಬೈಯೋ ಹಕ್ಕು ಇರೋದು ನನಗೊಬ್ಬನಿಗೇ, ಅದಕ್ಕೆ ಬಂದೆ."

ಮೇಡಂ ನಕ್ಕರು. ಸಾಸಿವೆಯನ್ನು ಕರೆತಂದರು. ಹನ್ನೊಂದು ವರ್ಷ, ನೋಡಿದರೆ ಎಂಟು ಎನ್ನಬೇಕು. ಬಾಗಿಲಲ್ಲಿ ಒಂದು ಕ್ಷಣ ನಿಂತಳು, ಎಲ್ಲರನ್ನೂ ಒಮ್ಮೆ ನೋಡಿದಳು, ನನ್ನನ್ನು ಬಿಟ್ಟು. ನೇರ ಹೋಗಿ ಅಮ್ಮನ ತೊಡೆಯೇರಿದಳು. ಅಮ್ಮ ಅವಳ ತಲೆ ಸವರತೊಡಗಿದಳು.

ಮೇಡಂ ಎದ್ದು ಬಂದು ಅವಳ ಮುಂದೆ ಮೊಣಕಾಲೂರಿ ಕೂತರು. ಬಹಳ ಮೆತ್ತಗೆ ಮಾತಾಡಿದರು. ಆ ಮೆತ್ತಗಿನ ದನಿ ಕೇಳುತ್ತಿದ್ದ ಹಾಗೆ ನಾನು ಕುರ್ಚಿಯ ತುದಿಗೆ ಸರಿದೆ.

"ಹೆದರ್ಕೋಬೇಡ ಪುಟ್ಟಾ. ನಿನಗೆ ಯಾರು ಇಷ್ಟ? ತೋರಿಸು ನೋಡೋಣ."

"ಮೇಡಂ, ಬೇಡ!" ಎಂದೆ. ತಡವಾಗಿತ್ತು.

ಸಾಸಿವೆ ಬೆನ್ನು ನೆಟ್ಟಗೆ ಮಾಡಿದಳು. ಬಲಗೈ ಚಾಚಿದಳು, ತೋರುಬೆರಳು ನೀಟಾಗಿ, ನಾವೆಲ್ಲ ಕಲಿತ ಹಾಗೆ. ಅಮ್ಮನ ಎದೆಯ ಮೇಲೆ ಇಟ್ಟಳು. ನಕ್ಕಳು ಕೂಡ.

ಮೇಡಂ ಹೋಗಿ ಪೆನ್ನು ತೆಗೆದುಕೊಂಡರು. ನಾನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಅದು ಸುಳ್ಳು! ನಾನೇ ಹೇಳ್ಕೊಟ್ಟಿದ್ದು!"

"ಕೂತ್ಕೊಳ್ಳಿ ನೀವು."

"ಕೂರಲ್ಲ. ನಿಮಗೇನು ಗೊತ್ತು? ಐದು ವರ್ಷ ನಿಮ್ಮ ಬಾಗಿಲುಗಳನ್ನೆಲ್ಲ ಬಡಿದೆ, ಆಗ ಎಲ್ಲಿದ್ರಿ? ಈಗ ಬಂದು ಅವನು ಕೇಳ್ತಿದ್ದ ಪ್ರಶ್ನೇನೇ ಕೇಳ್ತೀರಲ್ಲ!"

ಮೇಸ್ತ್ರಿ ಕುರ್ಚಿ ಎತ್ತಿ ನಿಲ್ಲಿಸಿದರು. ನನ್ನ ಹೆಗಲು ಅದುಮಿ ಕೂರಿಸಿದರು. "ಇವನು ಹೀಗೇ ಮೇಡಂ, ಮೊದಲು ಕಿಡಿ ಹಾರತ್ತೆ, ಆಮೇಲೆ ತಿರುಗ್ತಾನೆ. ಒಂದೈದು ನಿಮಿಷ ಕೊಡಿ." ನನ್ನ ಕಡೆ ತಿರುಗಿ, "ಹೇಳು. ಬೈದಾಡ್ಬೇಡ, ಹೇಳು" ಎಂದರು.

ಹೇಳಿದೆ. ಸಭೆ, ಬೆರಳು, ಕಣ್ಣು, ಬಾವಿಕಟ್ಟೆ. ಮೂಗು ಸೋರುವ ಹುಡುಗನದ್ದೂ ಹೇಳಿದೆ. ಅವನನ್ನು ನಾನು ಆರು ಸಲ ತೋರಿಸಿದ್ದೆ ಎಂದೂ ಹೇಳಿದೆ. ಮೇಸ್ತ್ರಿ ನನ್ನ ಹೆಗಲ ಮೇಲಿಂದ ಕೈ ತೆಗೆಯುತ್ತಾರೆ ಅಂದುಕೊಂಡೆ. ತೆಗೆಯಲಿಲ್ಲ.

ಮೇಡಂ ಪೆನ್ನನ್ನು ಕಾಗದದ ಮೇಲಿಟ್ಟುಕೊಂಡೇ ನನ್ನ ಕಡೆ ನೋಡಿದರು.

"ನೀವು ಹೇಳೋದು ನಿಜಾನೇ ಇರಬಹುದು. ಆದ್ರೆ ನನ್ನ ಕಷ್ಟಾನೂ ನೋಡಿ. ಮಗು ನಿಮ್ಮನ್ನ ತೋರಿಸಿದ್ರೆ ಅವಳಿಗೆ ನಾನೇ ಇಷ್ಟ ಅಂತಿದ್ರಿ. ಅವರನ್ನ ತೋರಿಸಿದ್ರೂ ನಾನೇ ಇಷ್ಟ ಅಂತೀರಿ. ಹಾಗಾದ್ರೆ ನಾನು ಯಾವುದನ್ನ ನಂಬಲಿ?"

ನನ್ನ ಬಳಿ ಸಾಕ್ಷಿ ಇತ್ತು. ಮೇಜಿನ ತುದಿಯಲ್ಲಿ ಟೀ ಲೋಟ. ಅದನ್ನು ಕೆಳಗೆ ತಳ್ಳಿ ಒಡೆದರೆ ಸಾಕು. ತಪ್ಪು ನನ್ನದು, ಶಿಕ್ಷೆ ನನಗೆ ಇಷ್ಟವಾದವರಿಗೆ. ಸಾಸಿವೆ ತಾನಾಗಿಯೇ ಎದ್ದು, ಒಣಕೋಣೆಗೆ ಹೋಗುವವರು ನಿಲ್ಲುತ್ತಿದ್ದ ಹಾಗೆ ಗೋಡೆಗೆ ಮುಖ ಮಾಡಿ ನಿಲ್ಲುತ್ತಾಳೆ, ಕರೆದುಕೊಂಡು ಹೋಗಿ ಎಂದು. ನನಗೆ ಅವಳು ಏನು ಎಂಬುದು ಅವಳಿಗೆ ಗೊತ್ತು. ಮೇಡಂ ಕಣ್ಣಾರೆ ನೋಡುತ್ತಾರೆ, ಫೈಲು ಮುಚ್ಚುತ್ತಾರೆ. ನನ್ನ ಕೈ ಲೋಟದವರೆಗೂ ಹೋಯಿತು. ಬಿಸಿ ತಗುಲಿತು. ಇದನ್ನು ಮಾಡಿದರೆ ಆ ಹಿರಿಯನಿಗೂ ನನಗೂ ಏನು ವ್ಯತ್ಯಾಸ? ಕೈ ಹಿಂದಕ್ಕೆ ತೆಗೆದುಕೊಂಡೆ. ಸೋತೆ ಅಂದುಕೊಂಡೆ.

"ಅಮ್ಮಾವ್ರೇ, ಇವರು ಹೇಳಿದ ಪದ್ಧತಿ ಇದ್ದದ್ದು ಹೌದಾ?" ಎಂದು ಮೇಡಂ ಆ ಕಡೆ ತಿರುಗಿದರು.

"ಹೌದು." ಅಮ್ಮನ ಕೈ ಸಾಸಿವೆಯ ತಲೆಯ ಮೇಲೆ ಓಡಾಡುತ್ತಲೇ ಇತ್ತು.

"ನಿಮ್ಮನ್ನೂ ಕೇಳ್ತಿದ್ರಾ?"

"ಎಲ್ಲರನ್ನೂ ಕೇಳ್ತಿದ್ರು."

"ನೀವು ಯಾರನ್ನ ತೋರಿಸ್ತಿದ್ರಿ?"

"ಇವಳನ್ನ."

"ಇವಳನ್ನೇ ಯಾಕೆ? ಇವಳು ಅಂದ್ರೆ ನಿಮಗೆ ಅಷ್ಟು ಇಷ್ಟ ಅಂತಾನಾ?"

ಹೌದು ಎಂದು ಒಂದು ಮಾತು ಅಂದಿದ್ದರೆ ಮುಗಿದಿತ್ತು. ಮೇಡಂ ಪೆನ್ನು ಕಾಗದದ ಮೇಲೆಯೇ ಇತ್ತು. ಅಮ್ಮನ ಕೈ ನಿಂತಿತು. ಮೇಜಿನ ಮೇಲಿನ ಯಾವುದೋ ಗೀರನ್ನು ನೋಡುತ್ತ ಅವಳು ಕೇಳಿದಳು. ಕೇಳಿದ್ದು ಮೇಸ್ತ್ರಿಯನ್ನು.

"ನಿಮ್ಮ ಹುಡುಗನ ಎಡಗೈ ಸುಟ್ಟಿದೆಯಲ್ಲ, ಏನಾಯ್ತು?"

ಮೇಸ್ತ್ರಿ ತಬ್ಬಿಬ್ಬಾದರು. "ಅದಾ... ವಾರ್ನಿಷ್ ಒಣಗಿಸೋ ಒಲೆ ತಾಗ್ತು. ನಿನ್ನೆ."

"ಎಣ್ಣೆ ಹಚ್ಚಿದೀರಿ. ಎಣ್ಣೆ ಹಚ್ಚಬಾರದು. ತಣ್ಣೀರಲ್ಲಿ ಇಟ್ಟಿರಬೇಕಿತ್ತು. ಚಿಕ್ಕಂದಿನಿಂದಾನೂ ಅವನ ಚರ್ಮ ಬೇಗ ಬೊಬ್ಬೆ ಏಳತ್ತೆ."

ಸುಟ್ಟದ್ದು ಮುಂಗೈಯ ಒಳಬದಿ, ಅಂಗಿಯ ತೋಳಿನ ಅಂಚಿನ ಕೆಳಗೆ. ಬೆರಳಗಲದ ಗಾಯ. ಮೇಡಂಗೆ ಕಂಡಿರಲಿಲ್ಲ. ಎದುರುಬದುರು ಕೂತು ನನ್ನ ಕಡೆ ಕಣ್ಣೆತ್ತದವಳಿಗೆ ಕಂಡಿತ್ತು.

ಆಗ ನನಗೆ ಹೊಳೆಯಿತು. ಹೊಳೆಯಬಾರದಿತ್ತು. ಹದಿನೇಳು ವರ್ಷ ನನ್ನನ್ನು ಯಾರೂ ಕೈಹಿಡಿದು ಕರೆದುಕೊಂಡು ಹೋಗದೆ ಇದ್ದದ್ದು ಯಾಕೆ, ಮೂರು ವರ್ಷದ ಸಾಸಿವೆ ಒಣಕೋಣೆಗೆ ಹೋದದ್ದು ಯಾರಿಗೆ ಬದಲಾಗಿ, ಎಲ್ಲ ಒಟ್ಟಿಗೇ ಹೊಳೆಯಿತು. ಈ ತೊಡೆ, ಈ ತಲೆ ಸವರುವುದು, ಎಲ್ಲವೂ ಹಿರಿಯರ ಕಣ್ಣಿಗೆ.

ಅಮ್ಮ ಸಾಸಿವೆಯನ್ನು ಎರಡೂ ಕೈಯಿಂದ ಎತ್ತಿ ನೆಲದ ಮೇಲೆ ನಿಲ್ಲಿಸಿದಳು. ಅವಳ ಅಂಗಿಯ ಸುಕ್ಕು ಎಳೆದು ಸರಿಮಾಡಿದಳು.

"ಇವಳು ನನ್ನ ಹತ್ರ ಬೇಡ ಮೇಡಂ. ಹದಿನಾಲ್ಕು ಸಲ ಕಳಿಸಿದೀನಿ. ಇನ್ನೂ ಕೇಳಿದ್ರೆ ಇನ್ನೂ ಕಳಿಸ್ತೀನಿ. ನನಗೆ ಬೇರೆ ದಾರಿ ಗೊತ್ತಿಲ್ಲ."

ಮೇಡಂ ಅಮ್ಮನ ಕಡೆ ಬಾಗಿದರು. "ಹಾಗಾದ್ರೆ ನೀವೂ ಅಲ್ಲಿಗೆ ಹೋಗ್ಬೇಡಿ. ಇಲ್ಲಿ ಉಳ್ಕೊಳ್ಳೋಕೆ ವ್ಯವಸ್ಥೆ ಇದೆ. ನಾನು ಮಾಡ್ಕೊಡ್ತೀನಿ."

"ಹಿರಿಯರು ಇದಾರಲ್ಲ" ಎಂದಳು ಅಮ್ಮ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎನ್ನುವಷ್ಟೇ ಸಹಜವಾಗಿ.

"ನನ್ನ ಕಡೆ ನೋಡು" ಎಂದೆ.

ಅವಳು ಮಗಳನ್ನು ಬಿಟ್ಟುಕೊಡುವ ಕಾಗದಕ್ಕೆ ರುಜು ಹಾಕುತ್ತಿದ್ದಳು.

"ಅಮ್ಮಾ. ಅವನು ಜೈಲಲ್ಲಿದಾನೆ. ಇಲ್ಲಿ ಯಾರೂ ಕಾಯ್ತಿಲ್ಲ. ನೋಡು ನನ್ನ ಕಡೆ!" ನಾನು ಕೂಗಿದೆ. ಪಡಸಾಲೆಯಲ್ಲಿದ್ದವರು ಇಣುಕಿದರು. ಅಮ್ಮ ಪೆನ್ನಿಗೆ ಟೋಪಿ ಹಾಕಿ ಮೇಡಂ ಕೈಗೆ ಕೊಟ್ಟಳು. ಎದ್ದಳು. ಸಾಸಿವೆಯನ್ನು ನೋಡಿ ನಕ್ಕಳು, ವಾರವಾರವೂ ನಗುತ್ತಿದ್ದ ಹಾಗೆ. ನನ್ನ ಪಕ್ಕದಿಂದಲೇ ಹಾದು ಹೋದಳು, ಅವಳ ಬಟ್ಟೆ ನನ್ನ ಮೊಣಕಾಲಿಗೆ ತಾಗಿತು.

ನನ್ನ ಇಡೀ ಕೋಪ ಅವಳ ಮೇಲೆಯೇ ಕಟ್ಟಿದ್ದು. ನನ್ನನ್ನು ಒಮ್ಮೆಯೂ ನೋಡದ ಹೆಂಗಸು ಎಂದು. ಈಗ ಅದನ್ನು ಎಲ್ಲಿ ಇಡಲಿ? ನನ್ನನ್ನು ಉಳಿಸಿದಳು ಎಂದು ಕೈಮುಗಿಯಲೇ? ಆ ಮಗುವಿನ ನಾಲಿಗೆ ಒಣಗಿಸಿ ಉಳಿಸಿದಳು. ಹೊರಗೆ ವ್ಯಾನಿನ ಬಾಗಿಲು ಮುಚ್ಚಿದ ಸದ್ದು ಕೇಳಿತು. ನಾನು ಓಡಿಹೋಗಲಿಲ್ಲ. ಹೋಗಬೇಕಿತ್ತೋ ಏನೋ, ಇವತ್ತಿಗೂ ಗೊತ್ತಾಗಿಲ್ಲ.

ಮೇಡಂ ಬರೆದು, ಮೊಹರು ಒತ್ತಿ, ಆರು ತಿಂಗಳಿಗೆ ಸಾಸಿವೆಯನ್ನು ನನ್ನ ವಶಕ್ಕೆ ಕೊಟ್ಟರು. ತಿಂಗಳಿಗೊಮ್ಮೆ ಬಂದು ನೋಡುತ್ತಾರೆ. "ಆ ಪ್ರಶ್ನೆ ಕೇಳಿದ್ದಕ್ಕೆ ಕ್ಷಮಿಸಿ" ಎಂದರು. ಕ್ಷಮಿಸುವಷ್ಟು ದೊಡ್ಡ ಮನಸ್ಸು ನನಗಿಲ್ಲ. ತಲೆಯಾಡಿಸಿದೆ, ಅಷ್ಟೇ.

ಮೇಸ್ತ್ರಿಯದು ಮೋಟರು ಸಾಗಿಸುವ ಮೂರು ಗಾಲಿಯ ಗಾಡಿ. ಮುಂದೆ ಇಬ್ಬರ ಜಾಗ, ಮೂವರು ಕೂತೆವು, ಸಾಸಿವೆ ನಡುವೆ. ಅವಳು ಮುಂದಿನ ಗಾಜನ್ನೇ ನೋಡುತ್ತಿದ್ದಳು. ನಾನು ನನ್ನ ಕಡೆಯ ರಸ್ತೆ ನೋಡುತ್ತಿದ್ದೆ. ಮೇಸ್ತ್ರಿ ಒಬ್ಬರೇ ಮಾತಾಡುತ್ತಿದ್ದರು. ಮನೆಯಲ್ಲಿ ತಮ್ಮ ಹೆಂಡತಿ ಕಾಯುತ್ತಿದ್ದಾರೆ, ಮಹಡಿಗೆ ಹೊಸ ಬಲ್ಬು ಹಾಕಿದ್ದಾರೆ, ನಿನ್ನ ಅಣ್ಣನ ಗೊರಕೆಗೆ ಮಾತ್ರ ಔಷಧಿಯಿಲ್ಲ, ಹೀಗೆ. ಗೊರಕೆಯ ಮಾತಿಗೆ ನಾನು ಅವರ ಕಡೆ ತಿರುಗಿ ನಕ್ಕೆ.

ಪೇಟೆ ದಾಟಿದ ಮೇಲೆ ಸಾಸಿವೆ ಮೊದಲ ಸಲ ಬಾಯಿಬಿಟ್ಟಳು. ಗಾಜಿಗೆ ಹೇಳಿದ ಹಾಗೆ.

"ಅವರನ್ನ ಎಷ್ಟು ದಿನ?"

ಮೇಸ್ತ್ರಿಗೆ ಅರ್ಥವಾಗಲಿಲ್ಲ. "ಯಾರನ್ನಮ್ಮಾ? ಎಲ್ಲಿ?"

"ನಾನು ತೋರಿಸಿದೆನಲ್ಲ."

ಮೇಸ್ತ್ರಿ ಗಾಡಿಯನ್ನು ರಸ್ತೆಬದಿಗೆ ನಿಲ್ಲಿಸಿದರು. ಗಾಲಿಯ ಗಾಳಿ ನೋಡುತ್ತೇನೆ ಎಂದು ಇಳಿದು ಹಿಂದಕ್ಕೆ ಹೋದರು. ಬಹಳ ಹೊತ್ತಾದರೂ ಬರಲಿಲ್ಲ.

"ಇಲ್ಲ. ಅವರನ್ನ ಯಾರೂ ಎಲ್ಲಿಗೂ ಹಾಕಲ್ಲ. ಹೊರಗೆ ಹಾಗಿಲ್ಲ" ಎಂದೆ.

"ಒಂದು ದಿನಾನೂ?"

"ಒಂದು ಗಂಟೇನೂ ಇಲ್ಲ."

ಅವಳು ಯೋಚಿಸಿದಳು. ನಂಬಲಿಲ್ಲ. ಅವಳ ಬೆರಳುಗಳು ಮಡಿಲಲ್ಲಿ ಒಂದನ್ನೊಂದು ಅದುಮಿ ಹಿಡಿದಿದ್ದವು. ಹೊರಗೆ ಬಂದ ಮೊದಲ ವರ್ಷ ನಾನು ಮಾತ್ರ ಎಲ್ಲಿ ನಂಬಿದ್ದೆ?

"ಸರಿ. ಆದ್ರೂ ನೀವು ಈ ಗಾಡಿಯವರನ್ನ ನೋಡಿ ಅಷ್ಟು ನಗಬೇಡಿ. ಒಳ್ಳೆಯವರ ಥರ ಕಾಣ್ತಾರೆ" ಎಂದಳು.